ದಾರದಕ್ಕನ ಒಂಬತ್ತು ಪಾಯಿಂಟ್ ಎರಡು

ನಮ್ಮ ಅಕ್ಕನ ಅಂಗಡಿಯಲ್ಲಿ ನಾನೂರ ಹನ್ನೆರಡು ಬಣ್ಣದ ದಾರದ ರೀಲುಗಳಿವೆ. ಅವುಗಳಲ್ಲಿ ಹದಿನೇಳು ಕಪ್ಪು. ಕಪ್ಪೆಂದರೆ ಕಪ್ಪು, ಅದರಲ್ಲಿ ಹದಿನೇಳು ಎಲ್ಲಿಂದ ಬಂದವು ಎಂದು ಕೇಳಿದ್ದಕ್ಕೆ ಆಕೆ ನನ್ನನ್ನು ಕುರುಡು ಕೋಳಿ ಎಂದಿದ್ದಳು. ಗಿರಾಕಿ ತಂದ ಬಟ್ಟೆಯ ಚೂರನ್ನು ಬಾಗಿಲ ಬೆಳಕಿಗೆ ಹಿಡಿದು, ಇದು ಇವೆರಡು ರೀಲುಗಳ ನಡುವಿನದು, ಆದರೆ ಈ ಕಡೆಗೆ ಒಂದು ಗುಲಗಂಜಿಯಷ್ಟು ಜಾಸ್ತಿ ಎಂದು ಮೂರನೆಯದನ್ನು ಎಳೆದು ಕೊಡುತ್ತಾಳೆ. ಹೊಲಿದ ಮೇಲೆ ಹೊಲಿಗೆ ಎಲ್ಲಿದೆ ಎಂದು ದರ್ಜಿಯೇ ಹುಡುಕಬೇಕು. ಹೀಗಾಗಿ ಬೀದಿಗೆಲ್ಲ ಆಕೆ ದಾರದಕ್ಕ.

ಇದೇ ಕಣ್ಣನ್ನು ಸಂಜೆ ಏಳೂವರೆಗೆ ಆಕಾಶಕ್ಕೆ ಹಚ್ಚುತ್ತಾಳೆ. ಹತ್ತೊಂಬತ್ತು ವರ್ಷದ ಹಿಂದೆ ಒಬ್ಬ ಗಿರಾಕಿ ಊರು ಬಿಡುವಾಗ, ಆರು ತಿಂಗಳಲ್ಲಿ ಬಂದು ಒಯ್ಯುತ್ತೇನೆಂದು ಗೀಸರಿನ ಗಾತ್ರದ ಟೆಲಿಸ್ಕೋಪೊಂದನ್ನು ಅಂಗಡಿಯಲ್ಲಿ ಬಿಟ್ಟುಹೋದರು. ಈಗ ಅವರೇ ಎದುರು ಬಂದು ನಿಂತರೂ ಅಕ್ಕ ಗುರುತು ಹಿಡಿಯುವುದಿಲ್ಲ ಎಂಬುದು ನನ್ನ ಖಚಿತ ನಂಬಿಕೆ.

ಟೆರೇಸಿನ ಮೇಲೆ ನಾವು ಮೂವರು. ಭಾವ ನೀರಿನ ಮೀಟರ್ ಓದಿ ನಿವೃತ್ತರಾದವರು, ಊರಿನ ಎಲ್ಲ ಗೇಟುಗಳ ನೆಂಟರು. ಅವರದು ದೀಪ ಆರಿಸುವ ಖಾತೆ. ಅಕ್ಕಪಕ್ಕದ ನಾಲ್ಕು ಮನೆಗೆ ಹೋಗಿ, ಮೆಟ್ಟಿಲ ದೀಪ ಅರ್ಧ ಗಂಟೆ ಆರಿಸಿ ಎಂದು ಕೇಳಿಕೊಳ್ಳಬೇಕು. ನಾಲ್ಕೂ ಮನೆಯಲ್ಲಿ ಟೀ ಕುಡಿದು ಅವರು ಹತ್ತಿ ಬರುವಷ್ಟರಲ್ಲಿ ನಕ್ಷತ್ರವೇ ಮುಳುಗಿರುತ್ತದೆ. ನನ್ನದು ಕೆಂಪು ಕಾಗದ ಸುತ್ತಿದ ಟಾರ್ಚು ಹಿಡಿದು, ಅಕ್ಕ ಹೇಳಿದ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆಯುವ ಖಾತೆ. ದೇವರು ನನಗೆ ಕೊಟ್ಟ ಯೋಗ್ಯತೆಗೆ ಸರಿಯಾಗಿ ಅಳೆದು ಕೊಟ್ಟ ಕೆಲಸ.

ಆ ವರ್ಷ ಆಕಾಶದಲ್ಲಿ ಒಂದು ನೋವಾ ಎದ್ದಿತ್ತು. ನೋವಾ ಎಂದರೆ ಯಾರ ಲೆಕ್ಕಕ್ಕೂ ಇಲ್ಲದ ಮಿಣುಕು ನಕ್ಷತ್ರವೊಂದು ಇದ್ದಕ್ಕಿದ್ದಂತೆ ಭುಗಿಲೆದ್ದು, ನಾಲ್ಕು ದಿನ ಮೆರೆದು, ಮತ್ತೆ ನಿಧಾನಕ್ಕೆ ಮಂಕಾಗುವುದು. ಎಷ್ಟು ಮಂಕಾಯಿತು ಎಂದು ದಿನಾ ಅಳೆಯುವುದೇ ಅಕ್ಕನ ಕೆಲಸ. ಈ ವಿದ್ಯೆಯಲ್ಲಿ ಸಂಖ್ಯೆ ಶಾಲೆಯ ರ‍್ಯಾಂಕಿದ್ದ ಹಾಗೆ. ಒಂದನೆಯದು ಥಳಥಳ ಹೊಳೆಯುತ್ತದೆ. ಮೂವತ್ತೆಂಟನೆಯವನು, ಅಂದರೆ ನಾನು, ಯಾರ ಕಣ್ಣಿಗೂ ಬೀಳುವುದಿಲ್ಲ. ಅಕ್ಕಪಕ್ಕ ಎರಡು ಗೊತ್ತಿರುವ ನಕ್ಷತ್ರಗಳನ್ನಿಟ್ಟುಕೊಂಡು, ಇದಕ್ಕಿಂತ ಮಂಕು, ಅದಕ್ಕಿಂತ ಚುರುಕು ಎಂದು ರೀಲು ಹೊಂದಿಸುವ ಹಾಗೆಯೇ ಹೊಂದಿಸಿ ಸಂಖ್ಯೆ ಹೇಳುತ್ತಾಳೆ.

ನಡುನಡುವೆ ಧೂಮಕೇತುಗಳೂ ಇದ್ದವು. ಧೂಮಕೇತುವಿಗೆ ಬಾಲವಿರಬೇಕೆಂದು ನಂಬಿದ್ದವನು ನಾನು. ಅಕ್ಕನ ಪಾಲಿಗೆ ಬರುವವಕ್ಕೆ ಬಾಲವಿರಲಿ, ನೆಟ್ಟಗೆ ಮುಖವೂ ಇರುವುದಿಲ್ಲ. ಕನ್ನಡಿಗೆ ಉಸಿರು ತಾಗಿದಂಥ ಒಂದು ಮಬ್ಬು, ಅಷ್ಟೆ. ಅದನ್ನು ತೂಗಲು ಪಕ್ಕದ ನಕ್ಷತ್ರವನ್ನೂ ಟೆಲಿಸ್ಕೋಪಿನ ತಿರುಪು ತಿರುಗಿಸಿ ಬೇಕೆಂದೇ ಮಸುಕು ಮಾಡಿ, ಅದರಷ್ಟೇ ದಪ್ಪಕ್ಕೆ ಊದಿಸುತ್ತಾಳೆ. ನನಗೆ ಒಂದೂ ಕಾಣಲಿಲ್ಲ. ನೇರ ನೋಡಬೇಡ, ಸ್ವಲ್ಪ ಪಕ್ಕಕ್ಕೆ ನೋಡು ಎಂದಳು. ಪಕ್ಕಕ್ಕೆ ನೋಡಿದೆ. ಎದುರುಮನೆಯ ದಂತವೈದ್ಯರು ಟೆರೇಸಿನಲ್ಲಿ ಬಸ್ಕಿ ಹೊಡೆಯುತ್ತಿದ್ದದ್ದು ಸ್ಪಷ್ಟವಾಗಿ ಕಂಡಿತು.

ಅಕ್ಕನದು ಒಂದು ಕಟ್ಟುನಿಟ್ಟು. ನಿನ್ನೆ ಎಷ್ಟೆಂದು ಬರೆದಿದ್ದೇನೆಂದು ನಾನು ಬಾಯಿ ಬಿಡಕೂಡದು. "ನಿನ್ನೆ ಸಂಖ್ಯೆ ತಲೇಲಿದ್ರೆ ಇವತ್ತಿನ ಕಣ್ಣು ಸುಳ್ಳು ಹೇಳುತ್ತೆ ಕಣೋ" ಎನ್ನುತ್ತಾಳೆ. ಹಾಗಾಗಿ ಪುಸ್ತಕ ನನ್ನ ಹತ್ತಿರ. ವೀಕ್ಷಕರ ಸಂಘಕ್ಕೆ ದಿನಾ ವರದಿ ಕಳಿಸುವವನೂ ಅಲ್ಲಿಂದ ಬಂದ ಪತ್ರ ಓದುವವನೂ ನಾನೇ. ಭಾನುವಾರ ಮಾತ್ರ ಪುಸ್ತಕ ಬಿಚ್ಚಿ, ಇಡೀ ವಾರದ ಚುಕ್ಕಿಗಳನ್ನು ಗ್ರಾಫ್ ಹಾಳೆಯಲ್ಲಿ ಜೋಡಿಸುತ್ತೇವೆ.

ಆ ವಾರ ಹತ್ತು ಪಾಯಿಂಟ್ ಎರಡು, ಮೂರು, ನಾಲ್ಕು ಎಂದು ನೋವಾ ಮೆಟ್ಟಿಲಿಳಿಯುತ್ತ ಬಂದಿತ್ತು. ಗುರುವಾರ ಅಕ್ಕ ಕಣ್ಣಿಟ್ಟು ಬಹಳ ಹೊತ್ತಾದ ಮೇಲೆ, "ಒಂಬತ್ತು ಪಾಯಿಂಟ್ ಎರಡು" ಎಂದಳು.

ಸಂಖ್ಯೆ ಇಳಿಯಿತೆಂದರೆ ಹೊಳಪು ಏರಿತೆಂದರ್ಥ. ಆರುವ ದೀಪ ತಾನೇ ಎದ್ದು ಕುಳಿತುಕೊಳ್ಳುವುದುಂಟೇ? ಅಕ್ಕನಿಗೆ ಎರಡು ದಿನದಿಂದ ನೆಗಡಿ, ಅಂಗಡಿಯಲ್ಲಿ ಹೊಸ ಮಾಲು ಇಳಿಸಿದ ದಣಿವು. ಹತ್ತೊಂಬತ್ತು ವರ್ಷ ಗಳಿಸಿದ ಹೆಸರು ಒಂದು ಸಂಜೆಯ ಮೂಗುಕಟ್ಟಿಗೆ ಹೋಗಬೇಕೆ? ನಾನು ತಮ್ಮನಾಗಿ ಹುಟ್ಟಿದ್ದು ಯಾತಕ್ಕೆ? ಪ್ರೀತಿ ಉಕ್ಕಿ ಬಂದು, ಹತ್ತು ಪಾಯಿಂಟ್ ಐದು ಎಂದು ಬರೆದು ಸಂಘಕ್ಕೆ ಕಳಿಸಿಬಿಟ್ಟೆ. ಆಕಾಶವನ್ನೇ ತಿದ್ದಿದ ಸಮಾಧಾನದಲ್ಲಿ ಆ ರಾತ್ರಿ ಗಡದ್ದಾಗಿ ನಿದ್ದೆ ಬಂತು.

ಶುಕ್ರವಾರದಿಂದ ಮೋಡ ಮುಚ್ಚಿತು. ಭಾನುವಾರ ಗ್ರಾಫು ಜೋಡಿಸಿದಾಗ ಚುಕ್ಕಿಗಳು ಬಾಚಿದ ಕೂದಲಿನಂತೆ ನೀಟಾಗಿ ಕೂತವು. ಅಕ್ಕ ಅದನ್ನೇ ನೋಡಿದಳು.

"ಗುರುವಾರ ನಾನು ಒಂಬತ್ತು ಚಿಲ್ಲರೆ ಅಂದೆನಲ್ಲ?"

"ಇಲ್ಲ ಅಕ್ಕ, ಹತ್ತೂವರೆ ಅಂದೆ."

ಆಕೆ ಗ್ರಾಫ್ ಹಾಳೆ ಮಡಿಸಿಟ್ಟಳು. ಸೋಮವಾರ ಅಂಗಡಿಯಲ್ಲಿ ದರ್ಜಿಯೊಬ್ಬರಿಗೆ ಎರಡು ಬೂದು ರೀಲು ಕೊಟ್ಟು, ಮನೆಗೊಯ್ದು ಬಿಸಿಲಲ್ಲಿ ನೋಡಿ ಸರಿಯಾದದ್ದನ್ನು ಇಟ್ಟುಕೊಳ್ಳಿ ಎಂದಳಂತೆ. ಹಿಂದೆಂದೂ ಹಾಗೆ ಹೇಳಿದವಳಲ್ಲ. ಮಂಗಳವಾರ ಭಾವ ಏದುಸಿರು ಬಿಡುತ್ತ ನಮ್ಮ ಮನೆಗೆ ಬಂದರು. ಅಕ್ಕನಿಗೆ ಕಣ್ಣನ್ನೂ ನಂಬಲಾಗುತ್ತಿಲ್ಲ, ನೆನಪನ್ನೂ ನಂಬಲಾಗುತ್ತಿಲ್ಲವಂತೆ. ಟೆಲಿಸ್ಕೋಪನ್ನು ಶಾಲೆಗೆ ಕೊಟ್ಟುಬಿಡುತ್ತಾಳಂತೆ. ಶನಿವಾರ ಸಂಜೆ ವಿಜ್ಞಾನದ ಮೇಷ್ಟರು ವ್ಯಾನು ತರುತ್ತಾರಂತೆ.

"ನೀನಾದ್ರೂ ಒಂದು ಮಾತು ಹೇಳಯ್ಯ. ನಿನ್ನ ಮಾತಂದ್ರೆ ಅವಳಿಗೆ ನಂಬಿಕೆ" ಎಂದರು ಭಾವ. ಅಲ್ಲೇ ಭೂಮಿ ಬಾಯಿಬಿಟ್ಟಿದ್ದರೆ ನಾನು ಚಪ್ಪಲಿ ಸಮೇತ ಇಳಿದುಬಿಡುತ್ತಿದ್ದೆ.

ಅದೇ ಸಂಜೆ ಸಂಘದ ಪತ್ರ ಬಂತು. ನೋವಾ ಗುರುವಾರ ಮತ್ತೆ ಬೆಳಗಿದೆ, ಇಂಥ ನಕ್ಷತ್ರಗಳು ಕೆಲವೊಮ್ಮೆ ಹೀಗೆ ಚೇಷ್ಟೆ ಮಾಡುವುದುಂಟು ಎಂದಿತ್ತು. ಮೊದಲು ಕಂಡದ್ದು ಯಾವುದೋ ದೂರದೇಶದ ಬಂದರಿನ ಕ್ರೇನ್ ಚಾಲಕನಿಗೆ, ಒಂಬತ್ತು ಪಾಯಿಂಟ್ ಒಂದು. ಅದೂ ಅಕ್ಕ ನೋಡಿದ್ದಕ್ಕಿಂತ ಏಳು ತಾಸು ತಡವಾಗಿ. ಕೆಳಗೆ ಕಾರ್ಯದರ್ಶಿಯ ವಿನಯದ ಸಾಲು: ಆ ದಿನದ ಎಲ್ಲ ವರದಿಗಳಲ್ಲಿ ನಿಮ್ಮದೊಂದೇ ಹೊಂದುತ್ತಿಲ್ಲ, ದಯವಿಟ್ಟು ಪರಿಶೀಲಿಸಿ.

ಬುಧವಾರ ಬೆಳಿಗ್ಗೆ ಪುಸ್ತಕ ಹಿಡಿದು ಅಂಗಡಿಗೆ ಹೋದೆ. ಆ ದರ್ಜಿಯೂ ಅಲ್ಲೇ ಇದ್ದರು. ಅವರಿದ್ದರೆ ಏಟು ಕಡಿಮೆ ಬಿದ್ದೀತೆಂದು ಅವರ ಮುಂದೆಯೇ ಎಲ್ಲ ಒದರಿದೆ. ಅಕ್ಕ ಸ್ಟೂಲಿನ ಮೇಲೆ ಕುಕ್ಕರಿಸಿದಳು.

"ಇನ್ನೊಂದ್ಸಲ ಹೇಳು. ನಾನು ಎಷ್ಟು ಅಂದಿದ್ದೆ?"

"ಒಂಬತ್ತು ಪಾಯಿಂಟ್ ಎರಡು."

ಮೊದಲು ಆಕೆಯ ಭುಜ ಕುಣಿಯಿತು. ಆಮೇಲೆ ಸ್ಟೂಲು. ಆಮೇಲೆ ಐವತ್ತೆಂಟು ವರ್ಷದ ನಮ್ಮಕ್ಕ ಗಲ್ಲಾಪೆಟ್ಟಿಗೆಗೆ ಹಣೆ ಆನಿಸಿ ನಗತೊಡಗಿದಳು. ಏನೆಂದು ತಿಳಿಯದೆ ದರ್ಜಿಯೂ ನಕ್ಕರು, ತಪ್ಪಿತಸ್ಥನಾದ ನಾನೂ ನಕ್ಕೆ. ಆಕೆ ಎದ್ದವಳೇ ದರ್ಜಿಯ ಕೈಯಲ್ಲಿದ್ದ ಬಟ್ಟೆಯನ್ನು ಮುಟ್ಟಲೂ ಇಲ್ಲ, ಬಾಗಿಲಿಗೂ ಒಯ್ಯಲಿಲ್ಲ, ಅಂಗಡಿಯ ಆ ತುದಿಯಿಂದಲೇ ಒಂದು ರೀಲು ಎಸೆದಳು. ಬಟ್ಟೆಯ ಮೇಲೆ ಬಿದ್ದ ದಾರ ಎಲ್ಲಿ ಹೋಯಿತೆಂದೇ ಕಾಣಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದಳು.

"ನನ್ನ ಮರ್ಯಾದೆ ಕಾಯೋಕೆ ಹೊರಟೆಯಾ ಕತ್ತೆ? ನಿನ್ನ ಮರ್ಯಾದೆ ಕಾದೂ ಕಾದೂ ನನಗೆ ಸೊಂಟ ಹಿಡಿದಿದೆ."

ರಬ್ಬರಿಗೆ ಕೈ ಹಾಕಿದವನ ಕೈಗೆ ಅಡಿಕೋಲಿನಿಂದ ಒಂದು ಬಿತ್ತು. ಅಳಿಸಕೂಡದಂತೆ. ಸುಳ್ಳಿನ ಮೇಲೆ ಒಂದೇ ಗೆರೆ, ಅದು ಓದುವ ಹಾಗಿರಬೇಕು. ಪಕ್ಕದಲ್ಲಿ ನಿಜ, ಕೆಳಗೆ ನನ್ನ ಸಹಿ. ಕಾರಣದ ಜಾಗದಲ್ಲಿ, ನಕ್ಷತ್ರಕ್ಕಿಂತ ತನಗೇ ಹೆಚ್ಚು ಗೊತ್ತೆಂದು ಬರೆದವನು ಭಾವಿಸಿದ್ದರಿಂದ ಎಂದು ಹೇಳಿ ಬರೆಸಿದಳು. ಇಷ್ಟನ್ನೂ ಸಂಘಕ್ಕೆ ಕಳಿಸಿದೆ. ತಿದ್ದಿದ ಸಂಖ್ಯೆಯನ್ನು ಟಿಪ್ಪಣಿಯೊಂದಿಗೆ ಸೇರಿಸಿಕೊಂಡಿದ್ದೇವೆ, ಮೊದಲು ಕಂಡವರೆಂದು ಮಾತ್ರ ಪರಿಗಣಿಸಲಾಗದು ಎಂದು ಉತ್ತರ ಬಂತು. ನನಗೆ ಅಳುವೇ ಬಂತು. ಅಕ್ಕ ಕ್ರೇನ್ ಚಾಲಕನ ಸಂಖ್ಯೆಯನ್ನು ಎರಡು ಸಲ ಓದಿಸಿಕೊಂಡು, ಒಳ್ಳೇ ಕಣ್ಣು ಪುಣ್ಯಾತ್ಮನದು ಎಂದಳು.

ಶನಿವಾರ ಆಕಾಶ ತೊಳೆದಿಟ್ಟಂತಿತ್ತು. ಮೇಷ್ಟರಿಗೆ ಬರಬೇಡಿ ಎಂದು ಹೇಳುವುದನ್ನು ಗಡಿಬಿಡಿಯಲ್ಲಿ ಎಲ್ಲರೂ ಮರೆತಿದ್ದೆವು. ಅವರು ವ್ಯಾನನ್ನು ಕೆಳಗೆ ನಿಲ್ಲಿಸಿ, ಹಗ್ಗ, ಎರಡು ಹಳೇ ಹಾಸಿಗೆ ಸಮೇತ ಟೆರೇಸು ಹತ್ತಿ ಬಂದಾಗ ಅಕ್ಕ ಟೆಲಿಸ್ಕೋಪಿಗೆ ಕಣ್ಣಿಟ್ಟಾಗಿತ್ತು. ಅವರು ಸ್ವಲ್ಪ ಹೊತ್ತು ಹಗ್ಗ ಸುತ್ತುತ್ತ ನಿಂತು, ಹಾಗಾದರೆ ಯಾವಾಗ ಬರಲಿ ಎಂದು ಮೆಲ್ಲಗೆ ಕೇಳಿದರು.

"ಇದು ಪೂರ್ತಿ ಆರಿದ ಮೇಲೆ ಬನ್ನಿ ಮೇಷ್ಟ್ರೇ."

"ಯಾವಾಗ ಆರುತ್ತಮ್ಮ?"

"ಅದನ್ನ ನನ್ನ ತಮ್ಮನ್ನ ಕೇಳಬೇಡಿ" ಎಂದಳು ಅಕ್ಕ, ಕಣ್ಣು ತೆಗೆಯದೆ. "ಒಂಬತ್ತು ಪಾಯಿಂಟ್ ಏಳು. ಬರಿಯೋ."

ಬರೆದೆ. ಮೇಷ್ಟರನ್ನು ಸಾಕ್ಷಿಗೆ ನಿಲ್ಲಿಸಿಕೊಂಡು, ಗಟ್ಟಿಯಾಗಿ ಓದಿಯೂ ಹೇಳಿದೆ.