ಫೋಟೋಗೆ ದಡಿ ಬರೆದ ಚಾಚಾ

ಚಾಚಾನ ನಾಲಿಗೆ ದಿನಕ್ಕೊಂದು ಬಣ್ಣ. ಬ್ರಷ್ಷಿನ ತುದಿಯನ್ನು ನಾಲಿಗೆಗೆ ಒತ್ತಿ ಚೂಪು ಮಾಡಿಕೊಳ್ಳುವ ಚಟ ಅವರಿಗೆ. ಕೆಂಪಾಗಿದ್ದ ದಿನ ಹೊಸ ಗಿರಾಕಿಗಳು "ಎಲಿ ಹಾಕ್ಕೊಂಡೀರೇನ್ರಿ?" ಎಂದು ಕೇಳುತ್ತಿದ್ದರು. ಹಸಿರಾಗಿದ್ದ ದಿನ ಏನೂ ಕೇಳದೆ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದರು. ಮನೆಯಲ್ಲಿ ಚಾಚಿಯದು ನಿತ್ಯದ ಗೊಣಗಾಟ: "ಬಣ್ಣಾನ ತಿಂದು ಹೊಟ್ಟಿ ತುಂಬಿಸ್ಕೊಂಡು ಬರ್ತಾರ, ಇವರಿಗೆ ನಾ ರೊಟ್ಟಿ ಯಾಕ ಬಡೀಲಿ?"

ಕೊಟ್ಟೂರಿನಲ್ಲಿ ಅವರ ಫೋಟೋ ಸ್ಟುಡಿಯೋ. ಗೋಡೆಗೆ ಗೋಡೆ ತಾಗಿ ನಮ್ಮಪ್ಪನ ಮಿರ್ಚಿ–ಮಂಡಕ್ಕಿ ಅಂಗಡಿ. ಅಪ್ಪ ಅವರನ್ನು ಭಾಯಿ ಎನ್ನುತ್ತಿದ್ದ, ನಾನು ಚಾಚಾ ಎನ್ನುತ್ತಿದ್ದೆ. ಸಂಜೆ ಬಿಸಿ ಮಿರ್ಚಿಯ ಪೊಟ್ಟಣ ಕೊಡುವ ನೆಪದಲ್ಲಿ ಸ್ಟುಡಿಯೋಗೆ ಹೋದರೆ ಅಪ್ಪ ಕೂಗಿ ಕರೆಯುವವರೆಗೂ ನಾನು ಅಲ್ಲಿಂದ ಏಳುತ್ತಿರಲಿಲ್ಲ.

ಕಂಪ್ಯೂಟರ್ ಬರುವ ಮೊದಲು ಚಾಚಾ ಫೋಟೋ ಅಂಟಿಸುವ ರಟ್ಟಿನ ಮೇಲೆ ಕೈಯಿಂದಲೇ ಅಂಚು ಬರೆಯುತ್ತಿದ್ದರು. ಅಂಚು ಎನ್ನುವುದು ನನ್ನ ಮಾತು, ಅವರು ಹೇಳುತ್ತಿದ್ದದ್ದು 'ದಡಿ', ಸೀರೆಗೆ ಹೇಳುವ ಹಾಗೆಯೇ. ಎರಡು ಸಾವಿರದ ಇಸವಿಯ ಆಚೀಚೆ ಹೊಸಪೇಟೆಯಿಂದ ಯಾರೋ ಬಳಸಿ ಬಿಟ್ಟ ಕಂಪ್ಯೂಟರ್ ಒಂದನ್ನು ತಂದರು, ಜೊತೆಗೊಂದು ಸ್ಕ್ಯಾನರ್. ಐವತ್ತು ದಾಟಿದ ಮನುಷ್ಯ, ಮೌಸು ಹಿಡಿದು ಬೆವರುತ್ತಿದ್ದರು. ಒಂದೆರಡು ಸಲ ಅಭ್ಯಾಸ ಬಲದಿಂದ ಮೌಸನ್ನೂ ಬಾಯಿಯ ಹತ್ತಿರ ಒಯ್ದದ್ದನ್ನು ನಾನೇ ಕಣ್ಣಾರೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ.

ಆಗ ಎಲ್ಲ ಸ್ಟುಡಿಯೋಗಳಲ್ಲೂ ಅಂಚುಗಳ ಸಿ.ಡಿ. ಬಂದಿತ್ತು. ಗುಲಾಬಿ, ಹಂಸ, ಹಿಮದ ಗುಡ್ಡ, ಬೇಕಾದ್ದನ್ನು ಆರಿಸಿ ಫೋಟೋದ ಸುತ್ತ ಕೂರಿಸಿದರೆ ಮುಗಿಯಿತು. ಚಾಚಾ ಅದನ್ನು ಮುಟ್ಟಲೊಲ್ಲರು. "ಆ ಗುಲಾಬಿ ಯಾರ ತ್ವಾಟದ್ದು, ಏನು ಕಥಿ! ಇವರು ಉಟ್ಟಿದ್ದ ಸೀರಿ ಇಲ್ಲೇ ಕಣ್ಣ ಮುಂದ ಐತಲ್ಲ" ಎನ್ನುತ್ತಿದ್ದರು. ಫೋಟೋಗೆ ಕೂತವರ ಸೀರೆಯ ದಡಿಯನ್ನು ನೋಡಿಕೊಂಡು ಡ್ರಾಯಿಂಗ್ ಹಾಳೆಯ ಮೇಲೆ ಬಣ್ಣದಲ್ಲಿ ಬರೆದು, ಒಣಗಿಸಿ, ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ನಡುವಿನ ಜಾಗ ಕತ್ತರಿಸಿ ತೆಗೆದು, ಫೋಟೋದ ಸುತ್ತ ಹೊಂದಿಸುವುದು ಅವರ ಪದ್ಧತಿ. "ಗಾಜಿನ ಮ್ಯಾಲ ಗಾಜು ಇಟ್ಟಂಗ ಬೇಟಿ. ಕೆಳಗಿನ ಗಾಜಿನ್ಯಾಗ ನಿನ್ನ ಫೋಟೋ, ಮ್ಯಾಲಿನ ಗಾಜಿನ್ಯಾಗ ನನ್ನ ದಡಿ" ಎಂದು ನನಗೂ ಕಲಿಸಿದರು. ಗುಡೇಕೋಟೆ ಕಡೆಯ ಕುರಿಗಾಹಿಯೊಬ್ಬ ದಡಿಯಿಲ್ಲದ ಬರೀ ಅಂಗಿ ತೊಟ್ಟು ಬಂದಾಗ ಅವನ ಹೆಗಲ ಕಂಬಳಿಯ ಅಂಚನ್ನೇ ಬರೆದು ಕೂರಿಸಿದ್ದರು. ಆ ಮುದುಕ ಫೋಟೋದಲ್ಲಿ ತನ್ನ ಮುಖ ಬಿಟ್ಟು ಕಂಬಳಿಯನ್ನೇ ಸವರಿ ಸವರಿ ನೋಡಿದ.

ಇಷ್ಟೆಲ್ಲ ಹೇಳಿದವಳು ನನ್ನ ಮುಖದ ಬಗ್ಗೆಯೂ ಹೇಳಲೇಬೇಕು. ಚಿಕ್ಕವಳಿದ್ದಾಗ ಅಪ್ಪನ ಬಾಣಲೆಯಿಂದ ಕಾದ ಎಣ್ಣೆ ಸಿಡಿದು ನನ್ನ ಎಡಗಲ್ಲ ಕಿವಿಯವರೆಗೆ ಸುಟ್ಟು ಸುಕ್ಕಾಗಿದೆ. ಮದುವೆಯ ವಯಸ್ಸು ಬಂತು. ನಮ್ಮ ಕಡೆ ಮೊದಲು ಹುಡುಗಿಯ ಫೋಟೋ ಹೋಗಬೇಕು, ಒಪ್ಪಿಗೆಯಾದರೆ ಜನ ಬರಬೇಕು. ಚಾಚಾ ಫೋಟೋ ತೆಗೆದರು. ಯಾರೂ ಕೇಳಿರಲಿಲ್ಲ, ಹೇಳಿರಲಿಲ್ಲ. ಕಂಪ್ಯೂಟರಿನಲ್ಲಿ ಕಲೆ ಅಳಿಸುವುದನ್ನು ಹೊಸದಾಗಿ ಕಲಿತಿದ್ದ ಅವರು ನನ್ನ ಸುಟ್ಟ ಗಲ್ಲವನ್ನು ನಯವಾಗಿ ತಿದ್ದಿ, ಸುತ್ತ ಚೆಂದದ ದಡಿ ಕೂರಿಸಿ ತಂದುಕೊಟ್ಟರು. ನೋಡಿ ಅವ್ವ ಅತ್ತಳು. ನನಗೂ ಸುಳ್ಳೇಕೆ, ಜೀವ ಹಗುರಾಯಿತು.

ಹಗರಿಬೊಮ್ಮನಹಳ್ಳಿಯಿಂದ ಜನ ಬಂದರು. ನಾನು ತಟ್ಟೆ ಹಿಡಿದು ಹೊರಗೆ ಬಂದೆ. ಅವರಲ್ಲೊಬ್ಬ ಅಜ್ಜಿ ನನ್ನನ್ನೂ ಕೈಯಲ್ಲಿದ್ದ ಫೋಟೋವನ್ನೂ ನೋಡಿ, ಯಾವ ಕೆಡುಕೂ ಇಲ್ಲದ ದನಿಯಲ್ಲಿ ಅವ್ವನಿಗೆ ಹೇಳಿದಳು: "ಇಕಿ ದೊಡ್ಡಾಕಿ ಏನವ್ವ? ಫೋಟೋದಾಗಿನಾಕಿನ ಕರೀರಿ, ಹೊತ್ತಾತು."

ಅಪ್ಪ ತಲೆ ತಗ್ಗಿಸಿ, "ಫೋಟೋದಾಕಿ ಇಕೀನರಿ" ಎಂದ. ಬಂದವರು ಮಿರ್ಚಿ ತಿಂದು, ಚಹಾ ಕುಡಿದು, "ತಿಳಸ್ತೀವ್ರಿ" ಎಂದು ಹೋದರು.

ಸುದ್ದಿ ಗೋಡೆಯಾಚೆ ಹೋಗಲು ಎಷ್ಟು ಹೊತ್ತು? ಚಾಚಾ ಮನೆಗೆ ಬಂದರು. ಒಳಗೆ ಬರಲಿಲ್ಲ, ಕಟ್ಟೆಯ ಮೇಲೆ ಕೂತರು. "ಚೆಂದ ಕಾಣ್ಲಿ ಅಂತ ಕಲಿ ಅಳಿಸಿದ್ನೆವ್ವ. ನಿನ್ನನ್ನ ಅಳಸಾಕತ್ತೀನಿ ಅಂತ ತಿಳೀಲಿಲ್ಲ ನನಗ" ಎಂದರು. ಆಮೇಲೆ, ಇನ್ನೊಂದು ಫೋಟೋ ತೆಗೆಯೋಣ, ಇದ್ದದ್ದನ್ನು ಇದ್ದಂತೆ ತೆಗೆಯೋಣ ಎಂದರು.

ನನಗೆ ಮೈಯೆಲ್ಲ ಉರಿಯಿತು. ಬಾಗಿಲ ಹಿಂದಿನಿಂದಲೇ, "ನಿಮ್ಮ ದಡೀನ ಗಲ್ಲದ ಮ್ಯಾಲ ತಂದು ಮುಚ್ಚಿದ್ರ ತಗಸ್ತೀನಿ, ಇಲ್ಲಾಂದ್ರ ಇಲ್ಲ" ಎಂದು ಚೀರಿದೆ.

"ಮುಚ್ಚತೀನಿ ಬೇಟಿ, ಅದೇನು ದೊಡ್ಡ ಕೆಲಸಲ್ಲ. ಆದ್ರ ಅವರು ಮನಿಗೆ ಬಂದ ದಿನ ಯಾವ ದಡಿ ಹಚ್ಕೊಂಡು ಕುಂದರ್ತಿ, ಅದನ್ನ ಹೇಳು."

ಆ ಸಿಟ್ಟಿಗೆ ಎಷ್ಟೋ ದಿನ ಅವರ ಜೊತೆ ಮಾತು ಬಿಟ್ಟೆ. ಮಿರ್ಚಿಯ ಪೊಟ್ಟಣವನ್ನು ಅಪ್ಪನೇ ಕೊಟ್ಟು ಬರುತ್ತಿದ್ದ.

ಕೊನೆಗೆ ಒಂದು ಬೆಳಿಗ್ಗೆ ಅವ್ವನ ಇಳಕಲ್ ಸೀರೆ ಉಟ್ಟು ನಾನೇ ಹೋದೆ. ಚಾಚಾ ಕಿಟಕಿಯ ಬೆಳಕು ಎಡಗಲ್ಲಕ್ಕೆ ಬೀಳುವಂತೆ ಕುರ್ಚಿ ಸರಿಸಿದರು. ಸೀರೆಯ ದಡಿ ನೋಡಿ ಬರೆಯಲು ಕೂತವರು ಊಟಕ್ಕೂ ಏಳಲಿಲ್ಲ, ಚಾಚಿ ಬಂದು ಬೈದು ಹೋದಳು. ಕಂಪ್ಯೂಟರಿನಲ್ಲಿ ಹೊಂದಿಸುವಾಗ ಎಡಬದಿಯ ದಡಿಯನ್ನು ಮಾತ್ರ ತೆಳ್ಳಗೆ ಮಾಡಿದ್ದರು. ಯಾಕೆಂದು ಕೇಳಿದೆ. "ನೋಡೋರ ಕಣ್ಣು ಅಲ್ಲಿ ದಡಿಗೆ ಸಿಗಬಾರದವ್ವ, ಸೀದಾ ನಿನ್ನ ಮುಖಕ್ಕ ಬರಬೇಕು." ಆ ಫೋಟೋ ಹಡಗಲಿಗೆ ಹೋಯಿತು.

ಉತ್ತರ ಬರುವುದಿಲ್ಲ ಎಂದುಕೊಂಡಿದ್ದೆ. ಜನವೇ ಬಂದರು. ಹುಡುಗನ ತಾಯಿ ಚೀಲದಿಂದ ಫೋಟೋ ತೆಗೆದು, ಕೈ ಚಾಚಿ ಹಿಡಿದು, ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿದರು. "ಫೋಟೋದಾಗ ಇದ್ದಂಗ ಅದಾಳ" ಎಂದು ಮಗನಿಗೆ ಹೇಳಿ, ಫೋಟೋ ಚೀಲಕ್ಕೆ ಹಾಕಿಕೊಂಡು, "ಮಿರ್ಚಿ ಭಾಳ ರುಚಿ ಅದಾವ, ಇನ್ನೊಂದು ಹಾಕ್ರಿ" ಎಂದರು. ಅವರೇ ನನ್ನ ಅತ್ತೆ.

ಮದುವೆಯಾಗಿ ಹಡಗಲಿಗೆ ಹೋದ ಮೇಲೂ ನನ್ನದೊಂದು ಹುಚ್ಚು ಆಸೆ ಉಳಿದಿತ್ತು. ಪಂಚಮಿಗೆ ತವರಿಗೆ ಬಂದಾಗ ಸ್ಟುಡಿಯೋಗೆ ಹೋಗಿ, "ಚಾಚಾ, ಆ ಮೊದಲಿನ ಫೋಟೋ ಒಮ್ಮಿ ತೋರಸ್ರಿ. ಕಲಿ ಇಲ್ಲದಿದ್ರ ನಾ ಹೆಂಗ ಕಾಣ್ತಿದ್ನೋ ನೋಡ್ತೀನಿ" ಎಂದೆ. ಅವರು ಕನ್ನಡಕ ಒರೆಸಿಕೊಳ್ಳುತ್ತ ನಕ್ಕರು. "ಅಕಿ ಯಾರೋ ಏನೋ, ನನಗ ಗುರುತಿಲ್ಲ ಬೇಟಿ. ಅಕೀನ ಅವತ್ತ ಕಂಪ್ಯೂಟರಿನಿಂದ ಹೊರಗ ಹಾಕೀನಿ. ನನಗ ಗೊತ್ತಿರಾಕಿ ನೀನ."

ಕೆಲವು ವರ್ಷಗಳ ನಂತರ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿ ಚಾಚಾ ಸ್ಟುಡಿಯೋ ಮುಚ್ಚಿದರು. ಒಂದು ಮಧ್ಯಾಹ್ನ ಚಾಚಾ ಹೋದರೆಂದು ಅಪ್ಪನ ಫೋನು ಬಂತು. ನಾನು ಬಸ್ಸು ಹಿಡಿದು ಕೊಟ್ಟೂರು ಸೇರುವಷ್ಟರಲ್ಲಿ ಮಣ್ಣು ಮುಗಿದು ಗಂಡಸರು ತಿರುಗಿ ಬರುತ್ತಿದ್ದರು. ಒಳಗೆ ಹೆಂಗಸರ ನಡುವೆ ಚಾಚಿ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದಳು: "ಇಕಿ ಫೋಟೋ ಆದ ಮ್ಯಾಲ ಅವರು ಯಾರ ಮುಖಾನೂ ತಿದ್ದಲಿಲ್ಲ ನೋಡ್ರಿ. ಮಚ್ಚಿ ತಗೀರಿ, ಕಪ್ಪು ತಗೀರಿ ಅಂತ ಎಷ್ಟೋ ಗಿರಾಕಿ ಬಂದ್ರು. ಬ್ಯಾರೆ ಸ್ಟುಡಿಯೋಕ್ಕ ಹೋದ್ರೂ ಹೋಗಲಿ, ನಾ ಮಾತ್ರ ಅಳಸಂಗಿಲ್ಲ ಅಂತಿದ್ರು. ಅಂಗಡಿ ಸೊರಗ್ತು, ಅವರು ಬದಲಾಗಲಿಲ್ಲ."

ಇದನ್ನು ಚಾಚಾ ನನಗೆ ಒಂದು ದಿನವೂ ಹೇಳಿರಲಿಲ್ಲ. ಚಾಚಿಯ ತೊಡೆಯ ಮೇಲೆ ತಲೆಯಿಟ್ಟು ನಾನು ಬಾಯಿಬಿಟ್ಟು ಅತ್ತೆ.