ಗೌರಿಯ ತಾಯಿಯನ್ನು ಹುಡುಕಿ ತರೀಕೆರೆಗೆ

ಕಡೂರಿನಲ್ಲಿ ರೈಲು ಇಳಿದಾಗ ಬೆಳಗ್ಗೆ ಹತ್ತು ಗಂಟೆ. ಎಂಬತ್ತರ ದಶಕದ ಆರಂಭದ ಒಂದು ಜನವರಿ. ಬಿಸಿಲಿದ್ದರೂ ಗಾಳಿ ತಣ್ಣಗಿತ್ತು. ಪತ್ರಿಕೆಗೆ ವರದಿ ಮಾಡಲು ನಾನು ಸಂಶೋಧಕಿ ಡಾ. ವಸುಧಾ ಅವರ ಜೊತೆ ಹೊರಟಿದ್ದೆ. ಅವರ ಕೈಯಲ್ಲಿ ಒಂದು ದೊಡ್ಡ ಥರ್ಮಾಸ್ ಮತ್ತು ವಿಜ್ಞಾನ ಪತ್ರಿಕೆಯೊಂದರಿಂದ ಬಂದ ಕಾಗದ ಇದ್ದವು.

ಅಮೃತಮಹಲ್ ದನಗಳಲ್ಲಿ ರಕ್ತದ ಗುರುತುಗಳು ತಂದೆತಾಯಿಯಿಂದ ಕರುವಿಗೆ ಹೇಗೆ ಬರುತ್ತವೆ ಎಂದು ವಸುಧಾ ಮೂರು ವರ್ಷ ದುಡಿದು ಪ್ರಬಂಧ ಬರೆದಿದ್ದರು. ಗೌರಿ ಎಂಬ ಕಡಸಿನ ರಕ್ತದ ಒಂದು ಗುರುತು ಮಾತ್ರ ತಾಯಿ ಕಾವೇರಿಯಲ್ಲೂ ಇರಲಿಲ್ಲ, ಹೋರಿಯಲ್ಲೂ ಇರಲಿಲ್ಲ. ರಕ್ತದ ಸೀಸೆಗಳು ಅದಲುಬದಲಾಗಿದ್ದರೆ ಉಳಿದದ್ದನ್ನು ನಂಬುವುದು ಹೇಗೆ ಎಂದು ಆ ಕಾಗದದಲ್ಲಿ ವಿಜ್ಞಾನ ಪತ್ರಿಕೆಯ ಸಂಪಾದಕರು ಕೇಳಿದ್ದರು. ಉತ್ತರ ಸಿಗುವವರೆಗೆ ಅಚ್ಚಿಲ್ಲ. ಗೌರಿಯನ್ನೇ ಪಟ್ಟಿಯಿಂದ ಕೈಬಿಡಿ ಎಂದು ಸಹೋದ್ಯೋಗಿಗಳು ಸಲಹೆ ಕೊಟ್ಟಿದ್ದರಂತೆ.

"ಬೇರೆಯವರು ಪರೀಕ್ಷೆ ಮಾಡಲಿ ಅಂತಲೇ ಪೂರ್ತಿ ಪಟ್ಟಿ ಕೊಡೋದು. ನಾನೇ ಅಳಿಸಿದರೆ ಕೊಟ್ಟೇನು ಬಂತು?" ಎಂದರು ವಸುಧಾ.

ಅಜ್ಜಂಪುರದಲ್ಲಿ ಬಸ್ಸಿಳಿದು ಚಿತ್ರಾನ್ನ ತಿಂದೆವು. ಶಿವನಿಯ ಕಡೆಗೆ ಇನ್ನೊಂದು ಬಸ್ಸು, ಆಮೇಲೆ ಎರಡು ಮೈಲಿ ನಡಿಗೆ. ದನಗಳ ಯಜಮಾನ ರಂಗಪ್ಪ ಹುಲ್ಲುಗಾವಲಿನ ಬಂಡೆಯ ಮೇಲೆ ಕುಳಿತಿದ್ದರು.

"ಗೌರಿ ತಾಯಿ ಕಾವೇರಿ ತಾನೆ, ರಂಗಪ್ಪ?" ಎಂದು ವಸುಧಾ ಕೇಳಿದರು.

"ಹೂಂ ಕಣವ್ವಾ. ಅವತ್ತೇ ಬರಸಿದ್ನಲ್ಲ."

"ಕಾವೇರಿ ಅದನ್ನ ಹಾಕಿದ್ದು ನೀವೇ ನೋಡಿದ್ರಾ?"

"ಕಾವೇರಿ ಹಾಕಿದ್ದು ಸತ್ತೋಯ್ತು. ಗೌರೀನ ಹಾಕಿದ್ದು ತುಂಗೆ. ಅವ್ಳಿಗೆ ಕೆಚ್ಚಲು ಬಾವು, ತೊಟ್ಟು ಹಾಲಿಲ್ಲ. ವಾಸ್ನೆ ನೋಡಿ ತಂದೇ ಅನ್ಕೊಳ್ಲಿ ಅಂತ ಸತ್ತ ಕರದ ಚರ್ಮ ಹೊದಿಸಿ ಗೌರೀನ ಕಾವೇರಿ ಹತ್ರ ಬಿಟ್ವಿ. ಯಾರ ಹಾಲು ಕುಡೀತೋ ಅವ್ಳದ್ದೇ ಕರ, ನಮ್ಮಲ್ಲಿ."

ವಸುಧಾ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. "ಇದನ್ನ ಅವತ್ತೇ ಹೇಳಬಾರದಿತ್ತಾ?"

"ಹೆತ್ತೋಳ್ಯಾರು ಅಂತ ನೀವೆಲ್ಲಿ ಕೇಳಿದ್ರಿ? ಇಷ್ಟು ಓದ್ದೋರು, ಕೇಳೋದ್ ಕಲೀಬೇಕು ಕಣವ್ವಾ."

ಈಗ ತುಂಗೆಯ ರಕ್ತ ಬೇಕಿತ್ತು; ಆದರೆ ಅವಳನ್ನು ತರೀಕೆರೆಯವರಿಗೆ ಮಾರಿದ್ದರು. ಮರುದಿನ ಬೆಳಗ್ಗೆ ಮೂವರೂ ಬಸ್ಸು ಹತ್ತಿದೆವು. ಹಸು ಕೊಂಡಿದ್ದ ಪುಟ್ಟಮ್ಮ ಬಾಗಿಲಲ್ಲೇ ಅಡ್ಡ ನಿಂತರು. "ಗಬ್ಬದ ಹಸ ಕಣ್ರೀ. ಸೂಜಿ ಗೀಜಿ ಆಗಲ್ಲ."

ವಸುಧಾ ಎಷ್ಟು ವಿವರಿಸಿದರೂ ಆಕೆ ಜಗ್ಗಲಿಲ್ಲ. ರಂಗಪ್ಪ ಬೇಲಿಯಾಚೆಯಿಂದ "ತುಂಗೀ" ಎಂದು ಒಮ್ಮೆ ಕೂಗಿದರು. ಹಸು ಕಿವಿ ನಿಮಿರಿಸಿತು, ಹಗ್ಗ ಜಗ್ಗಿಕೊಂಡು ಅವರ ಕಡೆ ಬಂದು ಕೈ ನೆಕ್ಕತೊಡಗಿತು.

"ಎರಡು ವರ್ಷ ಹುಲ್ಲು ಹಾಕಿದ್ದು ನಾನು, ಓಗೊಡೋದು ನಿನಗಾ?" ಎಂದು ಪುಟ್ಟಮ್ಮ ನಕ್ಕರು. "ನೀನೇ ಹಿಡ್ಕೋ ಹಂಗಾದ್ರೆ. ಒಂದೇ ಸೀಸೆ ಕಣ್ರೀ."

ವಸುಧಾ ಒಂದು ಸೀಸೆ ರಕ್ತ ತೆಗೆದರು; ಅದು ಕೆಡದಂತೆ ಸೋಡಾ ಅಂಗಡಿಯಲ್ಲಿ ಥರ್ಮಾಸಿಗೆ ಐಸ್ ತುಂಬಿಸಿಕೊಂಡೆವು. ರೈಲು ಹೊರಟಾಗ ರಂಗಪ್ಪ ಕಿಟಕಿಯ ಬಳಿ ಬಂದು, "ಅಲ್ಲಾಡಿಸ್ಬೇಡಿ, ಗೌರಿ ಮಾನ ಅದ್ರಲ್ಲೈತೆ" ಎಂದರು. ಬೆಂಗಳೂರಿನವರೆಗೂ ವಸುಧಾ ಥರ್ಮಾಸನ್ನು ತೊಡೆಯಿಂದ ಇಳಿಸಲಿಲ್ಲ.

ಮೂರನೆಯ ದಿನ ಅವರು ನನ್ನ ಕಚೇರಿಗೆ ಫೋನ್ ಮಾಡಿದರು. ಆ ಗುರುತು ತುಂಗೆಯಲ್ಲಿತ್ತು. ಪ್ರಬಂಧ ಅಚ್ಚಾಯಿತು, ಒಂದು ಸಾಲೂ ಬಿಡದೆ. ಪಟ್ಟಿಯಲ್ಲಿ ತಾಯಿಗೆ ಎರಡು ಅಂಕಣ: ಹೆತ್ತವಳು, ಹಾಲು ಕೊಟ್ಟವಳು. ಮಾಹಿತಿ ಕೊಟ್ಟವರೆಂದು ಕೆಳಗೆ ರಂಗಪ್ಪನವರ ಹೆಸರು.

ಅದರ ಒಂದು ಪ್ರತಿಯನ್ನು ಶಿವನಿಯ ವಿಳಾಸಕ್ಕೆ ಕಳಿಸಿದೆವು. ಉತ್ತರವಾಗಿ ರಂಗಪ್ಪ ಯಾರಿಂದಲೋ ಕಾರ್ಡು ಬರೆಸಿದ್ದರು: "ಗೌರಿ ಕರ ಹಾಕಿದ್ಲು. ಹೆತ್ತೋಳೂ ಅವ್ಳೇ, ಹಾಲ್ ಕೊಡೋಳೂ ಅವ್ಳೇ. ಬರ್ಕೊಳ್ಳಿ."