ಗುರೆಳ್ಳು ಚಟ್ನಿಯ ಕೆಳಗಿನ ನಾಲ್ಕು ಸಾಲು

ವಿಜಯವಾಡದ ಗವರ್ನರ್‌ಪೇಟೆಯಲ್ಲಿ ನಾನು ಶೇಂಗಾ ಕೊಳ್ಳುವ ಸಗಟು ಅಂಗಡಿಯವನು ನನ್ನನ್ನು "ಕನ್ನಡ ಅಮ್ಮಗಾರು" ಅಂತ ಕರೆಯುತ್ತಾನೆ. ಕನ್ನಡ ಅನ್ನುವ ಶಬ್ದ ವಾರಗಟ್ಟಲೆ ನನ್ನ ಕಿವಿಗೆ ಬೀಳುವುದು ಅವನ ಬಾಯಿಂದಷ್ಟೇ, ಅದೂ ತೆಲುಗು ಮಾತಿನ ನಡುವೆ. ಮನೆಗೆ ಬಂದು ಬಾಗಿಲು ಹಾಕಿಕೊಂಡರೆ ಅದೂ ಇಲ್ಲ. ಕುಕ್ಕರಿನ ಜೊತೆ ಮಾತಾಡುತ್ತೇನೆ. "ಸೀಟಿ ಹೊಡಿ, ಹೊಡಿ, ಈ ಮನ್ಯಾಗ ನಿನಗರ ಬಾಯಿ ಐತಿ" ಅನ್ನುತ್ತೇನೆ. ನಗುವವರು ನಗಲಿ.

ನನ್ನ ಗಂಡ ಇಬ್ರಾಹಿಂಪಟ್ನಂ ಕಡೆಯ ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರ್ ಆಗಿದ್ದರು. ಮದುವೆಯಾಗಿ ಧಾರವಾಡದಿಂದ ಬಂದವಳು ಅವರ ಕ್ವಾರ್ಟರ್ಸಿನಲ್ಲೇ ಅರ್ಧ ಆಯುಷ್ಯ ಕಳೆದೆ. ಅವರು ಎದೆನೋವು ಅಂತ ಕೂತವರು ಏಳಲೇ ಇಲ್ಲ. ಕ್ವಾರ್ಟರ್ಸ್ ಬಿಡಬೇಕಾಯಿತು. ಊರಿಗೆ ಬಾ ಅಂತ ಅಣ್ಣಂದಿರು ಕರೆದರು, ನಾನು ಹೋಗಲಿಲ್ಲ. ಗವರ್ನರ್‌ಪೇಟೆಯ ಹಿಂದಿನ ಓಣಿಯಲ್ಲಿ ಮಹಡಿ ಮೇಲೊಂದು ಮನೆ ಹಿಡಿದೆ. ಯಾಕೆಂದರೆ ಇದ್ದೊಬ್ಬ ಮಗಳು ವಿಶಾಖಪಟ್ಟಣದಲ್ಲಿ ಕೆಲಸಕ್ಕಿದ್ದಾಳೆ. ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಬರಬಹುದು ಅಂದೆ, ಬರುತ್ತಾಳೆ ಅನ್ನಲಿಲ್ಲ.

ನನ್ನ ಮಗಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಚಿಕ್ಕವಳಿದ್ದಾಗ ನನ್ನನ್ನು ಅವ್ವ ಅನ್ನುತ್ತಿದ್ದಳು. ತೆಲುಗಿನಲ್ಲಿ ಅವ್ವ ಅಂದರೆ ಅಜ್ಜಿ. ಒಂದು ದಿನ ಶಾಲೆಯ ಗೇಟಿನಲ್ಲಿ ನನ್ನನ್ನು ಕಂಡು "ಅವ್ವಾ" ಅಂತ ಕೂಗಿದ್ದಕ್ಕೆ ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕರಂತೆ. ಅವತ್ತಿನಿಂದ ನಾನು ಅಮ್ಮ. ಅವಳು ಓದಿದ್ದು ಇಂಗ್ಲಿಷ್, ಎರಡನೆಯ ಭಾಷೆ ಹಿಂದಿ. ತೆಲುಗನ್ನು ನೀರು ಕುಡಿದ ಹಾಗೆ ಮಾತಾಡುತ್ತಾಳೆ, ಆದರೆ ಆ ಅಕ್ಷರವೂ ಬಾರದು. ಬಂದಿದ್ದರೆ ಕನ್ನಡವನ್ನೂ ಹೇಗೋ ತಡವರಿಸಿ ಓದುತ್ತಿದ್ದಳು, ಎರಡೂ ಅಕ್ಕತಂಗಿಯರ ಹಾಗಿವೆ. ಈಗ ಅವಳಿಗೆ ಎರಡೂ ಜಿಲೇಬಿಯೇ. ಕಲಿಸಲು ಕೂತಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು, ಅವಳಿಗೆ ಅಳು ಬರುತ್ತಿತ್ತು. ಅವರಪ್ಪ ನಡುವೆ ಬಂದು ಪುಸ್ತಕ ಮುಚ್ಚಿಡುತ್ತಿದ್ದರು.

ಗಂಡ ಹೋದ ಮೇಲೆ ಕೈ ಸುಮ್ಮನಿರಬಾರದು ಅಂತ ಚಟ್ನಿಪುಡಿ ಕುಟ್ಟಲು ಶುರು ಮಾಡಿದೆ. ಶೇಂಗಾ, ಅಗಸಿ, ಪುಠಾಣಿ, ಗುರೆಳ್ಳು. ಸ್ಥಾವರದ ಟೌನ್‌ಶಿಪ್ಪಿನಲ್ಲಿರುವ ಕನ್ನಡದವರು ಕೇಳಿ ಕೇಳಿ ಒಯ್ಯುತ್ತಿದ್ದರು. ಕೆಳಗಿನ ಮನೆಯಾಕೆ ಒಮ್ಮೆ ನಾಲಿಗೆಯ ಮೇಲಿಟ್ಟುಕೊಂಡು, "ಇದಿ ಮಾ ಕಾರಪ್ಪೊಡಿನೇ ಕದಾ ಅಂಡಿ" ಅಂದರು. ಇದು ನಮ್ಮ ಖಾರದಪುಡಿಯೇ ಅಲ್ಲವಾ ಅಂತ! ನನ್ನ ಮೈಯೆಲ್ಲ ಉರಿಯಿತು. ನಿಮ್ಮದು ನಿಮ್ಮ ಇಡ್ಲಿಗೆ, ನಮ್ಮದು ನಮ್ಮ ರೊಟ್ಟಿಗೆ ಅಂತ ನನ್ನ ಹರಕು ತೆಲುಗಿನಲ್ಲಿ ಹೇಳಿ ಡಬ್ಬಿ ಕಿತ್ತುಕೊಂಡು ಬಂದೆ. ಆಮೇಲೆ ನಾಚಿಕೆಯಾಗಿ ಪಾವುಕಿಲೋ ಕೊಟ್ಟು ಬಂದೆ ಅನ್ನಿ.

ಇದನ್ನು ಕೇಳಿ ಮಗಳು ಫೋನಿನಲ್ಲಿ ನಕ್ಕಳು. ಅವಳ ಕೆಲಸವೇ ಅಂಗಡಿಗಳಿಗೆ ಆನ್‌ಲೈನ್ ಸೈಟ್ ಕಟ್ಟಿಕೊಡುವುದು. "ನಿನ್ನ ಚಟ್ನಿಗೂ ಒಂದು ಅಂಗಡಿ ಹಾಕಿಕೊಡ್ತೀನಿ ಅಮ್ಮಾ, ಕನ್ನಡದಾಗ" ಅಂದಳು. ಮೊದಲು ಒಂದು ಸ್ಟೇಜಿಂಗ್ ಸೈಟ್ ಮಾಡುತ್ತಾರಂತೆ. ಅಂಗಡಿ ಪೂರಾ ಇರುತ್ತದೆ, ಆದರೆ ಹೊರಗಿನವರಿಗೆ ಕಾಣುವುದಿಲ್ಲ. ಎಲ್ಲ ಸರಿ ಇದೆ ಅಂತ ಖಾತ್ರಿಯಾದ ಮೇಲೆ ಅದನ್ನೇ ಎತ್ತಿ ಎಲ್ಲರಿಗೂ ಕಾಣುವ ಹಾಗೆ ಲೈವ್ ಮಾಡುವುದು. "ನಾಟಕದ ತಾಲೀಮು ಅನ್ನು" ಅಂದೆ. "ಅಷ್ಟೇ" ಅಂದಳು.

ಆ ತಾಲೀಮಿನ ದಿನಗಳು! ದಿನಾ ಸಂಜೆ ಅವಳ ಫೋನು. ಮೊದಲು ವಾರಕ್ಕೊಮ್ಮೆ ಬರುತ್ತಿತ್ತು, "ಊಟ ಆಯ್ತಾ, ಗುಳಿಗೆ ತಗೊಂಡ್ಯಾ, ಸರೇ ಅಮ್ಮಾ" ಅಂತ ಮುಗಿಯುತ್ತಿತ್ತು. ಈಗ ನೋಡಿ, ಸುಳ್ಳು ಆರ್ಡರ್ ಹಾಕು ಅನ್ನುತ್ತಾಳೆ, ಹಾಕುತ್ತೇನೆ. ಬಂತಾ ಅನ್ನುತ್ತಾಳೆ, ಬಂತು ಅನ್ನುತ್ತೇನೆ. ಇಬ್ಬರೂ ನಗುತ್ತೇವೆ. ಫೋನ್ ಬರುವ ಹೊತ್ತಿಗೆ ನಾನು ಮುಖ ತೊಳೆದು ಸೀರೆ ಬದಲಿಸಿ ಕೂತಿರುತ್ತಿದ್ದೆ, ಬೀಗರು ಬರುವವರಿದ್ದ ಹಾಗೆ. ಮುಗಿಯಬಾರದು ಅಂತ ತಪ್ಪು ಹುಡುಕುತ್ತಿದ್ದೆ. ಕೆಂಪು ಬಣ್ಣ ಬೇಡ ಅಂದೆ, ಹಳದಿ ಮಾಡಿದಳು. ಕೆಂಪೇ ಚಲೋ ಇತ್ತು ಅಂದೆ. "ಅಮ್ಮಾ!" ಅಂತ ಕಿರುಚಿದಳು. ಆ ಕಿರುಚಾಟವೂ ನನಗೆ ಹಿತವಾಗಿತ್ತು.

ಒಂದು ಸಂಜೆ ಅವಳಿಗೆ ಬೇರೆ ತೊಂದರೆ ಬಂತು. ಕನ್ನಡದ ಒತ್ತಕ್ಷರಗಳು ಸೈಟಿನಲ್ಲಿ ಒಡೆದು ಚೂರಾಗಿ ಕಾಣುತ್ತವೆ ಅಂತ ಆಫೀಸಿನಲ್ಲಿ ಯಾರೋ ಅಂದರಂತೆ. ತಾನು ನೋಡಿದರೆ ಗೊತ್ತಾಗುವುದಿಲ್ಲ. "ನಿನಗೆ ಬರಿಯೋ ಜಾಗ ತೆರೆದುಕೊಟ್ಟೀನಿ. ಪ್ರತಿ ಚಟ್ನಿಯ ಕೆಳಗೂ ನಾಲ್ಕು ಸಾಲು ಏನಾದ್ರೂ ಬರಿ. ಸುಮ್ಮನ, ಬಾಯಿಗೆ ಬಂದಿದ್ದು. ಅಕ್ಷರ ನೆಟ್ಟಗ ಕಾಣತಾವಾ ನೋಡು. ಆಮೇಲೆ ಅದನ್ನ ತೆಗೆದು ಖರೇ ವಿವರ ಹಾಕ್ತೀನಿ" ಅಂದಳು.

ಶೇಂಗಾ ಚಟ್ನಿಯ ಕೆಳಗೆ ಒಂದು ಗಾದೆ ಬರೆದೆ. ಅಗಸಿಯ ಕೆಳಗೆ ದಾಸರ ಪದದ ಒಂದು ಸಾಲು, ಪುಠಾಣಿಯ ಕೆಳಗೆ ಕೆಳಗಿನ ಮನೆಯಾಕೆಗೆ ಬೈಗುಳ. ಗುರೆಳ್ಳಿನ ಹತ್ತಿರ ಬರುವಾಗ ನನಗೆ ಏನಾಯಿತೋ. ಎಷ್ಟೋ ದಿನದಿಂದ ಗಂಟಲಲ್ಲಿ ಸಿಕ್ಕಿದ್ದು ಬೆರಳಿಗೆ ಇಳಿದುಬಿಟ್ಟಿತು. ನಾಲ್ಕೇ ಸಾಲು. ಅವಳಿಗೇ ಬರೆದೆ. ಓದುವವರು ಯಾರೂ ಇಲ್ಲ, ಓದಬೇಕಾದವಳಿಗೆ ಅಕ್ಷರ ಬಾರದು, ಹೇಗೂ ಅಳಿಸಿಹೋಗುತ್ತದೆ. ಬರೆದು ಮುಗಿಸಿ, ಒತ್ತಕ್ಷರ ಎಲ್ಲ ನೆಟ್ಟಗಿವೆ ಅಂತ ಅವಳಿಗೆ ಫೋನ್ ಮಾಡಿ ಹೇಳಿದೆ.

ಆಮೇಲೆ ಒಂದೊಂದಾಗಿ ಖರೇ ವಿವರ ಕಳಿಸಿದೆ, ಅವಳು ಹಾಕಿದಳು. ಗುರೆಳ್ಳಿನದು ಕಳಿಸಲಿಲ್ಲ. ಧಾರವಾಡದಿಂದ ಒಳ್ಳೆಯ ಗುರೆಳ್ಳು ಬಂದಿರಲಿಲ್ಲ, ಬಂದಮೇಲೆ ನೋಡೋಣ ಅಂತ ಬಿಟ್ಟಿದ್ದೆ. ಗುರೆಳ್ಳು ಬಂತು, ಪುಡಿಯೂ ಆಯಿತು, ವಿವರ ಮರೆತೇಹೋಯಿತು.

ಲೈವ್ ಮಾಡುವ ದಿನ ಭಾನುವಾರ. ಬೆಳಿಗ್ಗೆಯೇ ಫೋನ್ ಬಂತು. ಸುಳ್ಳು ಆರ್ಡರ್ ಎಲ್ಲ ಅಳಿಸಿದ್ದಾಳೆ, ಹಣ ಕಟ್ಟುವ ಕಡೆ ತಾಲೀಮು ತೆಗೆದು ನಿಜದ್ದು ಹಾಕಿದ್ದಾಳೆ. "ಅಮ್ಮಾ, ಕನ್ನಡ ಎಲ್ಲ ಒಂದು ಸಲ ಓದಿ ನೋಡು, ನನಗೆ ಗೊತ್ತಾಗೂದಿಲ್ಲ ಕದಾ. ಇವತ್ತು ಇದನ್ನ ಮುಗಿಸಿಬಿಡಬೇಕು. ನಾಳಿಯಿಂದ ಆಫೀಸಿನಾಗ ಹೊಸ ಕೆಲಸ, ನನಗ ಟೈಮ್ ಇರೂದಿಲ್ಲ."

ಮುಗಿಸಿಬಿಡಬೇಕು. ಆ ಮಾತು ನೆತ್ತಿಗೇರಿತು. ಓದಲು ಕನ್ನಡಕ ಹಾಕಿಕೊಂಡಿದ್ದವಳು ತೆಗೆದು ಮೇಜಿನ ಮೇಲೆ ಕುಕ್ಕಿದೆ. ಎರಡು ಚಿತ್ರ ನೋಡಿದ ಶಾಸ್ತ್ರ ಮಾಡಿ, "ಎಲ್ಲಾ ಸರಿ ಐತಿ. ಮುಗಿಸವಾ ತಾಯಿ, ಮುಗಿಸು. ನಿನಗೂ ಬಿಡುಗಡೆ ಆಗಲಿ" ಅಂದೆ. ಅವಳು "ಸರೇ" ಅಂದಳು. ಸ್ವಲ್ಪ ಹೊತ್ತಿಗೆ ಅಂಗಡಿ ಎಲ್ಲರಿಗೂ ತೆರೆಯಿತು. ವಿಜಯವಾಡ, ವಿಶಾಖಪಟ್ಟಣ ಎರಡೂ ಊರಿನ ಕನ್ನಡದವರ ಗ್ರೂಪಿಗೆ ನಾನೇ ಲಿಂಕ್ ಕಳಿಸಿದೆ. ಹೆಬ್ಬೆರಳು, ಹೂವು, ಚಪ್ಪಾಳೆ, ಎಲ್ಲ ಚಿತ್ರಗಳೂ ಬಂದವು. ಸಂಜೆ ಫೋನ್ ಬರಲಿಲ್ಲ. ಮರುದಿನವೂ ಇಲ್ಲ. ನಾನು ಮುಖ ತೊಳೆಯುವುದನ್ನು ಬಿಟ್ಟೆ, ಯಾರ ಸಲುವಾಗಿ ತೊಳೆಯಲಿ? ಗಂಡ ಹೋದಾಗ ಮನೆ ತುಂಬ ಜನ ಇದ್ದರು, ಅತ್ತು ಹಗುರಾದೆ. ಈ ಸಲ ಯಾರೂ ಸತ್ತಿರಲಿಲ್ಲ, ಅಳುವುದಕ್ಕೂ ಕಾರಣ ಹೇಳುವ ಹಾಗಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಒಬ್ಬ ಹೆಣ್ಣುಮಗಳ ಫೋನು. ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ಟೌನ್‌ಶಿಪ್ಪಿನವರು, ಗದಗಿನ ಕಡೆಯವರಂತೆ. ಗ್ರೂಪಿನಿಂದ ನನ್ನ ನಂಬರ್ ತೆಗೆದುಕೊಂಡಿದ್ದರು.

"ಅಕ್ಕಾರ, ಚಟ್ನಿಗೆ ಆರ್ಡರ್ ಹಾಕೀನ್ರಿ. ಆದ್ರ ಗುರೆಳ್ಳಿನ ಕೆಳಗ ಏನ್ರೀ ಅದು ಬರದದ್ದು? ಓದಿ ನನಗ ಕಣ್ಣಾಗ ನೀರ ಬಂತ್ರಿ."

"ಏನ ಬರದೈತ್ರಿ?" ಅಂದೆ, ಏನೂ ಗೊತ್ತಿಲ್ಲದವಳ ಹಾಗೆ.

ಆಕೆ ಓದಿದರು. "ಈ ಹುಡುಗಿ ದಿನಾ ಫೋನ್ ಮಾಡತಾಳ, ಅಂಗಡಿ ಸಲುವಾಗಿ. ನನ್ನ ಸಲುವಾಗಿ ಅಲ್ಲ..."

"ಸಾಕ್ರೀ!" ಅಂದೆ. ಆಕೆ ಇನ್ನೂ ಏನೋ ಹೇಳುತ್ತಿದ್ದರು, ನಾನು ಫೋನ್ ಇಟ್ಟುಬಿಟ್ಟೆ. ಎಂಥ ಮಾನಗೇಡು! ಎರಡು ಊರಿನ ಕನ್ನಡದವರೆಲ್ಲ ಓದಿರಬೇಕು. ಊರಿಗೆಲ್ಲ ಡಂಗುರ ಹೊಡೆದ ಹಾಗಾಯಿತು, ಅವಳೊಬ್ಬಳ ಕಿವಿ ಬಿಟ್ಟು.

ನಾನಾಗಿ ಮಗಳಿಗೆ ಕೆಲಸದ ಹೊತ್ತಿನಲ್ಲಿ ಫೋನ್ ಮಾಡಿದವಳಲ್ಲ. ಅವತ್ತು ಮಾಡಿದೆ.

"ಗುರೆಳ್ಳಿನ ಕೆಳಗಿಂದು ತೆಗಿ. ಈಗಿಂದೀಗ ತೆಗಿ. ತಾಲೀಮಿಂದು ಹಂಗ ಉಳದೈತಿ."

"ಅಲ್ಲಿ ಕನ್ನಡ ಇತ್ತು ಕದಾ ಅಮ್ಮಾ, ಅದೇ ವಿವರ ಅಂದುಕೊಂಡೆ." ಅವಳ ದನಿ ಮೆಲ್ಲಗಿತ್ತು. "ಏನೈತಿ ಅದರಾಗ?"

"ಏನಿಲ್ಲ. ಮಾಡೋ ರೀತಿ."

"ಓದಿ ಹೇಳು."

ಫೋನ್ ಕಿವಿಗೆ ಒತ್ತಿಕೊಂಡು, ಏನೂ ಇಲ್ಲದ ಗೋಡೆ ನೋಡುತ್ತ ಓದಿದೆ. "ಗುರೆಳ್ಳು ಸಣ್ಣ ಉರಿಯಾಗ ಹುರೀಬೇಕು. ಚಟಪಟ ಅಂದಕೂಡ್ಲೆ ಇಳಿಸಬೇಕು. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ಕುಟ್ಟಬೇಕು." ದನಿ ನಡುಗದ ಹಾಗೆ ಓದಿದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿದೆ.

ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅಂದಳು, "ಅದರಾಗ ಬೆಳ್ಳುಳ್ಳಿ ಎಲ್ಲೂ ಇಲ್ಲ ಅಮ್ಮಾ."

ನಾನು ಕುರ್ಚಿ ಎಳೆದುಕೊಂಡು ಕೂತೆ.

"ಆರ್ಡರ್ ಹಾಕಿದ ಟೌನ್‌ಶಿಪ್ಪಿನ ಆಂಟಿಗೆ ವಿಳಾಸ ಕೇಳಾಕ ನಿನ್ನೆ ಫೋನ್ ಮಾಡಿದ್ದೆ. ಅವರು ಓದಿ ಹೇಳಿದ್ರು. ಎರಡು ಸಲ ಓದಿಸಿದೆ. ನೀನಾಗಿ ಹೇಳ್ತೀಯೇನೋ ಅಂತ ಇವತ್ತಿನ ತನಕ ಕಾದೆ. ಅದಕ್ಕೇ ತೆಗೆದಿಲ್ಲ." ಕೊನೆಗೆ, "ಬರದದ್ದನ್ನ ಓದು. ನಿನ್ನ ಬಾಯಲ್ಲಿ" ಅಂದಳು.

ಲ್ಯಾಪ್‌ಟಾಪಿನಲ್ಲಿ ಅಂಗಡಿ ತೆರೆದೆ. ಅಕ್ಷರಗಳು ಖರೇನೇ ನೆಟ್ಟಗಿದ್ದವು. ಕನ್ನಡಕದ ಗಾಜು ಒರೆಸಿ ಶುರು ಮಾಡಿದೆ. "ಈ ಹುಡುಗಿ ದಿನಾ ಫೋನ್ ಮಾಡತಾಳ, ಅಂಗಡಿ ಸಲುವಾಗಿ. ನನ್ನ ಸಲುವಾಗಿ ಅಲ್ಲ. ಅಂಗಡಿ ತಯಾರಾತಂದ್ರ ಇದೂ ನಿಲ್ಲತೈತಿ. ನಿನಗ ಓದಾಕ ಬರೂದಿಲ್ಲ ಅಂತ ಧೈರ್ಯ ಮಾಡಿ ಬರ್ಯಾಕತ್ತೀನಿ. ಬಾಯಿ ಬಿಟ್ಟು ಕೇಳಾಕ ನನಗ..." ಅಲ್ಲಿಗೆ ನಿಂತೆ. ಮುಂದಿನ ಸಾಲು ಕಣ್ಣಿಗೆ ಕಾಣುತ್ತಿತ್ತು, ಬಾಯಿಗೆ ಬರಲಿಲ್ಲ. ಆ ಕಡೆ ಅವಳ ಆಫೀಸಿನ ಗದ್ದಲ ಕೇಳುತ್ತಿತ್ತು, ಯಾರೋ ತೆಲುಗಿನಲ್ಲಿ ನಗುತ್ತಿದ್ದರು.

ಉಳಿದದ್ದನ್ನು ಅವಳೇ ಹೇಳಿದಳು. ತೆಲುಗಿನ ರಾಗದಲ್ಲಿ, ಪರೀಕ್ಷೆಗೆ ಬಾಯಿಪಾಠ ಮಾಡಿದವಳ ಹಾಗೆ, ನಿಧಾನಕ್ಕೆ. "ಬಾಯಿ ಬಿಟ್ಟು ಕೇಳಾಕ ನನಗ ಆಗೂದಿಲ್ಲ. ಒಂದಿನ ಸುಮ್ಮನ ಬಾ. ಕೆಲಸ ಇಲ್ದ ಬಾ."

ಅವಳೂ ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ. ಊಟ ಆಯ್ತಾ ಅಂತ ಕೇಳಿ ಮಾತು ತಿರುಗಿಸಲು ನನ್ನ ನಾಲಿಗೆ ತಯಾರಾಗಿತ್ತು, ಅದನ್ನು ಹಲ್ಲಿನಲ್ಲಿ ಹಿಡಿದುಕೊಂಡೆ.

"ಬಾರವಾ" ಅಂದೆ.